ಬೀಗ ಬೀಳದ ಒಂದು ಹೊಡೆತ

ಆ ತಿಂಗಳುಗಳಲ್ಲಿ ನನ್ನ ಮುಖ್ಯ ಕೆಲಸ ತಗಡು ಒತ್ತಿ ಬಾಗಿಸುವ ಪವರ್ ಪ್ರೆಸ್ಸಿನ ಮುಂದೆ ಕೂತವರ ಕೈಗಳನ್ನು ನೋಡುವುದಾಗಿತ್ತು. ಟಿ. ದಾಸರಹಳ್ಳಿಯಿಂದ ಪೀಣ್ಯದ ಕಡೆಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ, ತಗಡಿನ ಚಾವಣಿಯ ಶೆಡ್ಡಿನೊಳಗೆ, ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಎಡಗೈ ತಗಡಿನ ತುಂಡೊಂದನ್ನು ಅಚ್ಚಿನೊಳಗೆ ಇಟ್ಟು ಹೊರಗೆ ಬರುತ್ತದೆ. ಕಾಲು ಪೆಡಲ್ ಒತ್ತುತ್ತದೆ. ಮೇಲಿನಿಂದ ರ್ಯಾಮ್ ಎಂಬ ಉಕ್ಕಿನ ದಿಮ್ಮಿ ಬಂದು ಬಡಿಯುತ್ತದೆ. ಬಲಗೈ ಇಕ್ಕಳ ತೂರಿಸಿ ಬಾಗಿದ ತುಂಡನ್ನು ತೆಗೆಯುತ್ತದೆ. ಇಷ್ಟೂ ಉಸಿರಾಡಿದಷ್ಟು ಸಲೀಸಾಗಿ, ಬೆಳಗಿನಿಂದ ಸಂಜೆಯವರೆಗೆ. ಕೈಗೂ ಕಾಲಿಗೂ ಇರುವ ಲಯ ಒಂದೇ ಒಂದು ಸಲ ತಪ್ಪಿದರೆ ಬೆರಳು ಹೋಗುತ್ತದೆ. ಆ ಪ್ರದೇಶದ ಟೀ ಅಂಗಡಿಗಳಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಗ್ಲಾಸು ಹಿಡಿದ ಕೈಗಳಲ್ಲಿ ಅದು ಕಾಣುತ್ತದೆ.

ನಮ್ಮದು ಹೆಬ್ಬಾಳದಲ್ಲಿ ಒಂದು ಮನೆಯ ಮಹಡಿಯ ಮೇಲೆ ನಡೆಯುತ್ತಿದ್ದ ಸ್ಟಾರ್ಟಪ್. ಬೆರಳು ಉಳಿಸುವ ಒಂದು ಪೆಟ್ಟಿಗೆ ಮಾಡುತ್ತಿದ್ದೆವು. ಅದರಲ್ಲಿ ಏನಿರಬೇಕು, ಏನು ಮೊದಲು, ಏನು ಆಮೇಲೆ ಎಂದು ತೀರ್ಮಾನಿಸುವ ಹೊಣೆ ನನ್ನದು. ಪೆಟ್ಟಿಗೆಯಲ್ಲಿ ಎರಡು ಭಾಗ. ಅಚ್ಚಿನ ಪಕ್ಕ ಕೂರುವ ಸೆನ್ಸರ್ ಪಟ್ಟಿ ಕಣ್ಣಿಗೆ ಕಾಣದ ಬೆಳಕು ಬಿಟ್ಟು ಒಳಗೆ ಕೈ ಇದೆಯೇ ಎಂದು ನೋಡುತ್ತದೆ. ಇದ್ದರೆ, ಪೆಡಲಿನ ಕಂಬಿಗೆ ಅಡ್ಡಲಾಗಿ ಒಂದು ಉಕ್ಕಿನ ಗೂಟ ಬೀಳುತ್ತದೆ. ಆಮೇಲೆ ಕಾಲು ಎಷ್ಟು ಒತ್ತಿದರೂ ಪೆಡಲ್ ಇಳಿಯುವುದಿಲ್ಲ. ಆ ಗೂಟಕ್ಕೆ ನಾವು ಬೀಗ ಎನ್ನುತ್ತಿದ್ದೆವು.

ಬೀಗ ಪೆಡಲಿಗೇ ಹಾಕಬೇಕಾದದ್ದಕ್ಕೆ ಕಾರಣವಿತ್ತು. ಸಣ್ಣ ಶೆಡ್ಡುಗಳಲ್ಲಿ ಇರುವುದು ಬಹುಪಾಲು ಹಳೆಯ ಬಗೆಯ ಪ್ರೆಸ್ಸುಗಳು. ಒಮ್ಮೆ ಪೆಡಲ್ ಇಳಿಯಿತೆಂದರೆ ಮುಗಿಯಿತು, ರ್ಯಾಮ್ ಕೆಳಕ್ಕೆ ಹೋಗಿ ಮೇಲಕ್ಕೆ ಬಂದೇ ನಿಲ್ಲುತ್ತದೆ. ಕರೆಂಟು ತೆಗೆದರೂ ನಡುವೆ ನಿಲ್ಲದು. ಹಾಗಾಗಿ ನಮ್ಮ ಪೆಟ್ಟಿಗೆಗೆ ಸಿಗುವ ಅವಕಾಶ ಒಂದೇ: ಕಾಲು ಇಳಿಯುವ ಮೊದಲು.

ಕೆಲಸ ಮಾಡುವ ರೀತಿ ನಮ್ಮಂಥ ಕಂಪನಿಗಳದ್ದೇ. ಸಣ್ಣದಾಗಿ ಮಾಡು, ಬೇಗ ಬಳಸುವವರ ಕೈಗೆ ಕೊಡು, ಅವರು ಅದನ್ನು ಏನು ಮಾಡುತ್ತಾರೆ ನೋಡು, ವಾರದೊಳಗೆ ಬದಲಿಸು. ಪ್ರತಿ ಬೆಳಿಗ್ಗೆ ಗೋಡೆಯ ಬೋರ್ಡಿನ ಮುಂದೆ ನಿಂತೇ ಮಾತಾಡುತ್ತಿದ್ದೆವು. ಕೂತರೆ ಮಾತು ಬೆಳೆಯುತ್ತದೆ. ಸೋಮವಾರ ಪೆಟ್ಟಿಗೆಗೆ ಹೊಸ ತಿದ್ದುಪಡಿ ಹೋಗುತ್ತಿತ್ತು, ಶುಕ್ರವಾರ ನಾನು ಶೆಡ್ಡಿಗೆ ಹೋಗಿ ಕೂರುತ್ತಿದ್ದೆ. ಈ ರೀತಿಯ ಮೇಲೆ ನನಗೆ ನಂಬಿಕೆಯಿತ್ತು. ಮೊದಲು ದೀಪವನ್ನು ಪೆಟ್ಟಿಗೆಯ ಮೇಲೆ ಇಟ್ಟಿದ್ದೆವು, ಕೂತವರ ಕಣ್ಣು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ನೋಡಿದ್ದಕ್ಕೆ ಅದು ಗೊತ್ತಾಯಿತು, ಮುಂದಿನ ವಾರ ದೀಪ ಅಚ್ಚಿನ ಅಂಚಿಗೆ ಇಳಿಯಿತು. ಆಫೀಸಿನಲ್ಲಿ ಕೂತು ಒಂದು ವರ್ಷ ಯೋಚಿಸಿದ್ದರೂ ಅದು ಹೊಳೆಯುತ್ತಿರಲಿಲ್ಲ.

ಶೆಡ್ಡಿನ ಮಾಲೀಕರು ಎರಡನೇ ತಲೆಮಾರಿನವರು. ತಂದೆ ಶುರು ಮಾಡಿದ ಕಾರ್ಖಾನೆಯನ್ನು ಅಣ್ಣನ ಜೊತೆ ಸೇರಿ ನಡೆಸುತ್ತಿದ್ದರು. ಅಣ್ಣನ ಜೊತೆ ಫೋನಿನಲ್ಲಿ ದಖ್ಖನಿ, ನಮ್ಮ ಜೊತೆ ಕನ್ನಡ. ನಾವು ಕೇಳಿಕೊಂಡು ಹೋದ ಹಲವು ಕಾರ್ಖಾನೆಗಳಲ್ಲಿ ಒಳಗೆ ಬಿಟ್ಟುಕೊಂಡವರು ಅವರೊಬ್ಬರೇ. "ಹಾಕಿ ಮೇಡಂ, ನೋಡೋಣ. ಆದ್ರೆ ಒಂದ್ ಮಾತು. ನನ್ ಲೈನ್ ನಿಲ್ಬಾರ್ದು" ಎಂದಿದ್ದರು.

ಲೈನ್ ನಿಂತಿತು. ಎಣ್ಣೆಯ ಆವಿ ಸೆನ್ಸರಿನ ಕಣ್ಣಿನ ಮೇಲೆ ಕೂರುತ್ತಿತ್ತು. ಹೊಳೆಯುವ ತಗಡು ಬೆಳಕನ್ನು ಎಲ್ಲೆಲ್ಲಿಗೋ ಎರಚುತ್ತಿತ್ತು. ಅನುಮಾನ ಬಂದರೆ ಬೀಗ ಹಾಕು ಎಂಬುದು ಮೊದಲ ವರ್ಷನ್ನಿನ ನಿಯಮವಾದ್ದರಿಂದ, ಕೈ ಇಲ್ಲದಾಗಲೂ ಬೀಗ ಬೀಳುತ್ತಿತ್ತು. ಒತ್ತಿದ ಕಾಲಿಗೆ ಪೆಡಲ್ ಕಲ್ಲಿನಂತೆ ಎದುರು ನಿಂತಾಗ ಮಂಡಿಯವರೆಗೆ ಜುಮ್ಮೆನ್ನುತ್ತದೆ. ಒಂದು ಶುಕ್ರವಾರ ಹೋಗಿ ನೋಡಿದರೆ ಸೆನ್ಸರುಗಳ ಕಣ್ಣಿನ ಮೇಲೆಲ್ಲ ಕರಿ ಟೇಪು. ಏನೂ ಕಾಣದ ಪೆಟ್ಟಿಗೆ, ಕೈ ಇಲ್ಲವೆಂದುಕೊಂಡು ನೆಮ್ಮದಿಯಾಗಿ ಹಸಿರು ದೀಪ ತೋರಿಸುತ್ತಿತ್ತು.

ಎರಡನೇ ಪ್ರೆಸ್ಸಿನಲ್ಲಿ ಕೂರುತ್ತಿದ್ದವರು ಅಬ್ಬಿಗೆರೆಯಿಂದ ಬರುತ್ತಿದ್ದ ಒಬ್ಬ ಹೆಂಗಸು. ನನಗಿಂತ ದೊಡ್ಡವರು, ಅಕ್ಕ ಎಂದು ಕರೆಯುತ್ತಿದ್ದೆ. ನಾನು ಟೇಪು ಕೀಳುವುದನ್ನು ಅವರು ಟಿಫನ್ ಡಬ್ಬಿ ತೆರೆಯುತ್ತಲೇ ನೋಡಿದರು.

"ನಾನೇ ಅಂಟ್ಸಿದ್ದು. ಬೈಯೋದಾದ್ರೆ ನಂಗೇ ಬೈಯಿ."

"ಬೈಯಕ್ಕೆ ಬಂದಿಲ್ಲ ಅಕ್ಕ. ಯಾಕೆ ಅಂತ ಕೇಳಕ್ಕೆ ಬಂದೆ."

"ಪೀಸ್ ಲೆಕ್ಕದಲ್ಲಿ ಕೂಲಿ ನಮ್ದು. ಇದು ನಿಂತ್ಕೊಂಡ್ರೆ ನಾನೂ ಸುಮ್ಕೆ ನಿಂತ್ಕೋಬೇಕು. ಇಂಗಾದ್ರೆ ಎಂಗೆ ನೀನೇ ಏಳು."

ಮುಂದಿನ ವಾರ, ಕಣ್ಣು ಮುಚ್ಚಿದರೂ ಬೀಗ ಬೀಳುವಂತೆ ಬದಲಿಸಿದೆವು. ಟೇಪಿನ ದಾರಿ ಮುಚ್ಚಿತು, ಸಿಟ್ಟು ಹೆಚ್ಚಿತು. ಬುಧವಾರ ಮಾಲೀಕರ ಫೋನು ಬಂತು. ಸರಿಮಾಡಿ, ಇಲ್ಲವೇ ಬಿಚ್ಚಿಕೊಂಡು ಹೋಗಿ. ಅವರು ದನಿ ಎತ್ತಲಿಲ್ಲ. ಅದರಿಂದಲೇ ಮಾತು ಕೊನೆಯದೆಂದು ಗೊತ್ತಾಯಿತು.

ಅದೇ ವಾರ ಇನ್ನೊಂದು ಒತ್ತಡ ಸೇರಿಕೊಂಡಿತು. ಇಂಥ ಹಲವು ಶೆಡ್ಡುಗಳಿಂದ ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿಯೊಂದು ನಮ್ಮ ಪೆಟ್ಟಿಗೆಯ ಬಗ್ಗೆ ಕೇಳಿ, ತಮ್ಮ ಸುರಕ್ಷತಾ ಅಧಿಕಾರಿಯನ್ನು ನೋಡಲು ಕಳಿಸುವುದಾಗಿ ಹೇಳಿತ್ತು. ಅವರು ಒಪ್ಪಿದರೆ ತಮಗೆ ಮಾಲು ಕೊಡುವ ಎಲ್ಲ ಶೆಡ್ಡುಗಳಿಗೂ ಪೆಟ್ಟಿಗೆ ಹಾಕಿಸುತ್ತಿದ್ದರು. ನಮ್ಮಲ್ಲಿ ಹಣ ತೊಡಗಿಸಿದವರು ಮುಂದಿನ ಕಂತನ್ನು ಆ ಆರ್ಡರಿಗೆ ಗಂಟು ಹಾಕಿ ಕೂತಿದ್ದರು. ನಮ್ಮ ಸಂಸ್ಥಾಪಕರು ಯಲಹಂಕದವರು, ಮೆಕ್ಯಾನಿಕಲ್ ಓದಿದವರು. ಹೆಚ್ಚು ಮಾತಿನವರಲ್ಲ. ಮಾಲೀಕರ ಫೋನು ಬಂದ ಮರುದಿನ ಬೆಳಿಗ್ಗೆ ಬೋರ್ಡಿನ ಮೇಲಿದ್ದ ಕೆಲಸದ ಚೀಟಿಗಳನ್ನೆಲ್ಲ ತೆಗೆದು ಒಂದನ್ನು ಮಾತ್ರ ಬಿಟ್ಟರು. ಸುಮ್ಮನೆ ಬೀಳುವ ಬೀಗ ನಿಲ್ಲಬೇಕು.

ಪೆಟ್ಟಿಗೆಯ ಒಳಗಿನ ಪ್ರೋಗ್ರಾಂ ಬರೆಯುತ್ತಿದ್ದವನು ನಮ್ಮಲ್ಲಿ ಎಲ್ಲರಿಗಿಂತ ಕಿರಿಯ ಎಂಜಿನಿಯರ್. ಅವನದು ಸರಳ ಉಪಾಯ. ಸೆನ್ಸರ್ ಒಂದು ಸಲ ಕೈ ಕಂಡೆ ಎಂದರೆ ನಂಬಬಾರದು, ಬೆನ್ನಿಗೇ ಇನ್ನೊಂದು ಸಲ ಕಂಡರೆ ಮಾತ್ರ ಬೀಗ. ಎಣ್ಣೆಯ ಹನಿಯ ಮಿಂಚು, ತಗಡಿನ ಹೊಳಪು ಒಂದು ಸಲ ಬಂದು ಹೋಗುವಂಥವು. ಕೈ ಹಾಗಲ್ಲ, ಅಲ್ಲೇ ಇರುತ್ತದೆ. ಎರಡು ನೋಟಗಳ ನಡುವಿನ ಅಂತರ ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಕಡಿಮೆ. ಆಫೀಸಿನ ಮೇಜಿನ ಮೇಲಿನ ಅಣಕು ಪ್ರೆಸ್ಸಿನಲ್ಲಿ ಪರೀಕ್ಷೆ ಮಾಡಿದೆವು. ಒಂದೂ ತಪ್ಪಲಿಲ್ಲ. ಸೋಮವಾರ ಎರಡನೇ ವರ್ಷನ್ ಶೆಡ್ಡಿಗೆ ಹೋಯಿತು.

ಅದು ಮಾಡಿದ ಬದಲಾವಣೆ ನೋಡಿ ನಾವೇ ಬೆರಗಾದೆವು. ಬೀಗ ಸುಮ್ಮಸುಮ್ಮನೆ ಬೀಳುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮಾಲೀಕರು ಟೀ ತರಿಸಿದರು. ಅಬ್ಬಿಗೆರೆಯ ಅಕ್ಕ ನನ್ನನ್ನು ಕಂಡು, "ಈಗ ನಿನ್ ಪೆಟ್ಗೆ ಬುದ್ಧಿ ಕಲ್ತದೆ ಬುಡು" ಎಂದರು. ಸಂಸ್ಥಾಪಕರು ಅಧಿಕಾರಿಯ ಭೇಟಿಗೆ ಮುಂದಿನ ಬುಧವಾರ ಗೊತ್ತುಮಾಡಿದರು.

ಭೇಟಿಗೆ ಮುಂಚಿನ ಶುಕ್ರವಾರ ನಾನು ಎಂದಿನಂತೆ ಸ್ಟೂಲಿನ ಮೇಲೆ ಕೂತಿದ್ದೆ. ನೋಡಲು ಯಾರ ದೂರೂ ಇರಲಿಲ್ಲ. ಆದರೂ ಏನೋ ಒಂದು ಬೇರೆಯಾಗಿದೆ ಎನ್ನಿಸುತ್ತಿತ್ತು, ಏನೆಂದು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಕ್ಕನ ಬಲಗೈ ಖಾಲಿಯಾಗಿತ್ತು. ಮೊದಲೆಲ್ಲ ಅವರು ಅಚ್ಚಿಗೆ ಕಚ್ಚಿಕೊಂಡ ತುಂಡನ್ನು ಉದ್ದ ಮೂತಿಯ ಇಕ್ಕಳದಿಂದ ಎಳೆಯುತ್ತಿದ್ದರು. ಈಗ ಬರಿಗೈ, ಮಣಿಕಟ್ಟಿನವರೆಗೆ ಒಳಗೆ. ಎಡಗೈ ಹೊರಗೆ ಬರುವ ಮೊದಲೇ ಕಾಲು ಪೆಡಲಿನ ಮೇಲೆ ಸಿದ್ಧವಾಗಿರುತ್ತಿತ್ತು. ವೇಗವೂ ಹೆಚ್ಚಿತ್ತು. ಇಕ್ಕಳ ಪ್ರೆಸ್ಸಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಪಕ್ಕದ ಪ್ರೆಸ್ಸು ನೋಡಿದೆ. ಅಲ್ಲೂ ಅದೇ.

"ಅಕ್ಕ, ಇಕ್ಕಳ ಯಾಕೆ ಬಿಟ್ರಿ?"

"ಕೈಗೆ ನೋವು ಕಣಮ್ಮ ಅದು ಇಡ್ದು ಇಡ್ದು. ಈಗ ಅದ್ಯಾಕೆ? ನಿನ್ ಪೆಟ್ಗೆ ನೋಡ್ಕೋತದಲ್ಲ."

ಅವರು ಅದನ್ನು ಹೇಳಿದ ರೀತಿಯಲ್ಲಿ ಮೆಚ್ಚುಗೆಯಿತ್ತು. ಜನ ನಂಬಿ ಬಳಸಬೇಕು ಎಂದೇ ಅಷ್ಟು ದಿನ ಒದ್ದಾಡಿದ್ದೆವು, ಈಗ ನಂಬಿದ್ದರು. ನಾವು ಬರುವ ಮೊದಲು ಆ ಕೈಗೆ ಭಯವಿತ್ತು, ಇಕ್ಕಳವಿತ್ತು. ಈಗ ಎರಡೂ ಇರಲಿಲ್ಲ. ನಮ್ಮ ಎರಡನೇ ವರ್ಷನ್ ಮಾತ್ರ ಇತ್ತು.

ಶನಿವಾರ ಎಂಜಿನಿಯರನ್ನು ಕೂರಿಸಿಕೊಂಡು ಕೇಳಿದೆ. ಮೇಜಿನ ಮೇಲಲ್ಲದೆ ನಿಜವಾದ ಪ್ರೆಸ್ಸಿನ ಮೇಲೆ, ನಿಜವಾದ ವೇಗದಲ್ಲಿ, ಕೈಯನ್ನು ಒಳಗೆ ಬಿಟ್ಟು ಪೆಡಲ್ ಒತ್ತಿ ನೋಡಿದ್ದೇವೆಯೇ. ಇಲ್ಲ. ಅಂಥ ಪ್ರೆಸ್ಸು ನಮ್ಮಲ್ಲಿರಲಿಲ್ಲ, ಕೈ ಒಳಗಿಟ್ಟು ಒತ್ತಲು ಯಾರೂ ಒಪ್ಪುವುದಿಲ್ಲ. "ಲಾಜಿಕ್ ಸರಿ ಇದೆ ಮೇಡಂ" ಎಂದ ಅವನು. ಲಾಜಿಕ್ ಸರಿಯಿತ್ತು. ನಾನೂ ಅದನ್ನು ಬೋರ್ಡಿನ ಮುಂದೆ ನಿಂತು ಒಪ್ಪಿದ್ದೆ.

ಸೋಮವಾರ ಮಾಲೀಕರಿಗೆ ಪುರುಸೊತ್ತಿರಲಿಲ್ಲ. ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಎರಡನೇ ಪ್ರೆಸ್ಸು ಕೊಟ್ಟರು. ನಾವು ಒಂದು ರಬ್ಬರ್ ಕೈಗವಸಿಗೆ ವೇಸ್ಟ್ ಬಟ್ಟೆ ತುರುಕಿ, ಉದ್ದನೆಯ ಕೋಲಿಗೆ ಕಟ್ಟಿಕೊಂಡು ಹೋಗಿದ್ದೆವು. ಎಂಜಿನಿಯರ್ ಪಕ್ಕದಲ್ಲಿ ನಿಂತು ಕೋಲನ್ನು ಅಚ್ಚಿನೊಳಗೆ ಚಾಚುವುದು, ಅದೇ ಹೊತ್ತಿಗೆ ನಾನು ಪೆಡಲ್ ಒತ್ತುವುದು. ಅಕ್ಕ ಊಟ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತರು. ಉಳಿದವರೂ ಬಂದರು.

ಕೋಲು ಒಳಗೆ, ಕಾಲು ಕೆಳಗೆ, ಬೀಗ ಬಿತ್ತು. ಮತ್ತೆ. ಮತ್ತೆ. ಪ್ರತಿ ಸಲವೂ ಪೆಡಲ್ ನನ್ನ ಕಾಲಿಗೆ ಎದುರು ನಿಂತಿತು. ನೋಡುತ್ತಿದ್ದವರು ನಗತೊಡಗಿದರು, ಒಬ್ಬರು ಬೀಡಿ ಹಚ್ಚಲು ಹೊರಗೆ ಹೋದರು. ಎಂಜಿನಿಯರನ ಭುಜ ಸಡಿಲವಾಯಿತು. ಬಿಡುವು ಮುಗಿಯುತ್ತ ಬಂದು, ಪಕ್ಕದ ಪ್ರೆಸ್ಸಿನವರು ತಮ್ಮ ಕೆಲಸ ಶುರುಮಾಡಿದರು. ಧಡ್ ಧಡ್ ಎಂದು ನೆಲ ಅದುರತೊಡಗಿತು. ನಾವು ಮುಂದುವರಿಸಿದೆವು. ಬೀಗ ಬಿತ್ತು. ಬಿತ್ತು. ಬಿತ್ತು.

ಆಮೇಲೆ ಒಂದು ಸಲ ನನ್ನ ಕಾಲು ಇಳಿದೇಹೋಯಿತು.

ಎದುರಿಗೆ ಏನೂ ಸಿಗಲಿಲ್ಲ. ಮೆಟ್ಟಿಲು ಇದೆಯೆಂದು ಇಟ್ಟ ಕಾಲಿಗೆ ಮೆಟ್ಟಿಲು ಸಿಗದೆ ಹೋದಂತೆ. ರ್ಯಾಮ್ ಬಂದು ಬಡಿದು ಮೇಲಕ್ಕೆ ಹೋಯಿತು. ಬೀಗ ಬಿದ್ದ ಸದ್ದು ಅದಾದ ಮೇಲೆ ಕೇಳಿಸಿತು. ಎಂಜಿನಿಯರ್ ಕೋಲನ್ನು ಹೊರಗೆಳೆದ. ಕೈಗವಸಿನ ಬೆರಳುಗಳು ಅಚ್ಚಿನಲ್ಲೇ ಉಳಿದಿದ್ದವು, ಬಟ್ಟೆ ಹೊರಗೆ ಇಣುಕುತ್ತಿತ್ತು.

ಪಕ್ಕದ ಪ್ರೆಸ್ಸೂ ನಿಂತಿತು. ಅಕ್ಕ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅಚ್ಚನ್ನೇ ನೋಡುತ್ತ ನಿಂತಿದ್ದರು. ಆ ಬೆಳಿಗ್ಗೆಯೆಲ್ಲ ಆ ಕೈ ಅಲ್ಲಿ ಹೋಗಿ ಬಂದಿತ್ತು.

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಂಜಿನಿಯರ್ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿ ನೋಡಿದ. ಪಕ್ಕದ ಪ್ರೆಸ್ಸು ಬಡಿದ ಅದೇ ಕ್ಷಣಕ್ಕೆ ನಮ್ಮ ಸೆನ್ಸರ್ ಪಟ್ಟಿ ಅದುರಿತ್ತು. ಮೊದಲ ನೋಟದಲ್ಲಿ ಕೈ ಕಂಡಿತ್ತು, ಎರಡನೆಯದರಲ್ಲಿ ತಪ್ಪಿತ್ತು. ಪೆಟ್ಟಿಗೆ ಮತ್ತೆ ಮೊದಲಿನಿಂದ ಎಣಿಸತೊಡಗಿತ್ತು. ಅದು ಎಣಿಸಿ ಮುಗಿಸುವಷ್ಟರಲ್ಲಿ ನನ್ನ ಕಾಲು ಇಳಿದಿತ್ತು. ಆಫೀಸಿನ ಮೇಜಿಗೆ ಪಕ್ಕದ ಪ್ರೆಸ್ಸು ಇರಲಿಲ್ಲ.

ಸಂಸ್ಥಾಪಕರಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ.

"ಎಷ್ಟ್ ಸಲಕ್ಕೆ ಒಂದ್ ಸಲ ತಪ್ತಿದೆ?"

"ಅದು ಮುಖ್ಯ ಅಲ್ಲ."

"ಮುಖ್ಯಾನೇ. ನಾಳೆ ಅವ್ರು ಬರ್ತಿದಾರೆ. ಕೋಲಿಗೆ ಕಟ್ಟಿರೋ ಗ್ಲೌಸ್ ಕೈ ಅಲ್ಲ, ಒಪ್ತೀರಾ? ನಾನು ಬರ್ತೀನಿ. ಅಲ್ಲಿವರ್ಗೂ ಯಾರಿಗೂ ಏನೂ ಹೇಳ್ಬೇಡಿ."

ಹೇಳುವುದಕ್ಕೆ ಏನೂ ಉಳಿದಿರಲಿಲ್ಲ, ಎಲ್ಲರೂ ನೋಡಿದ್ದರು. ಮಾಲೀಕರು ಎರಡನೇ ಪ್ರೆಸ್ಸಿನ ಮೋಟರ್ ಆಫ್ ಮಾಡಿಸಿ, ನನ್ನನ್ನು ತಮ್ಮ ಗಾಜಿನ ಕೋಣೆಗೆ ಕರೆದರು.

"ಮೇಡಂ, ನಂದೂ ಸ್ವಲ್ಪ ಕೇಳಿ. ನಾಳೆ ಬರೋರು ನಮಗೆ ಆರ್ಡರ್ ಕೊಡೋರು. ಪೆಟ್ಟಿಗೆ ಹಾಕಿದೀವಿ ಅಂತ ನಾನೇ ಅವರಿಗೆ ಹೇಳಿದ್ದು. ಈಗ ಬಂದು ನೋಡಿದ್ರೆ ಖಾಲಿ ಇದ್ರೆ ನನ್ನ ಮುಖ ಏನಾಗತ್ತೆ?"

"ಇದ್ರೆ ಏನಾಗತ್ತೆ ಅಂತ ನೀವೇ ನೋಡಿದ್ರಲ್ಲ."

ಅಷ್ಟರಲ್ಲಿ ಅವರ ಅಣ್ಣನ ಫೋನು ಬಂತು. "ನಕ್ಕೋ ಭಾಯ್, ಅಬೀ ನಕ್ಕೋ" ಎಂದು, ಈಗ ಬೇಡವೆಂಬ ಎರಡೇ ಮಾತಿನಲ್ಲಿ ಫೋನ್ ಇಟ್ಟುಬಿಟ್ಟರು. ಗಾಜಿನಾಚೆ ಉಳಿದ ಪ್ರೆಸ್ಸುಗಳು ನಡೆಯುತ್ತಿದ್ದವು. ಅವುಗಳ ಮೇಲೂ ನಮ್ಮ ಪೆಟ್ಟಿಗೆಗಳಿದ್ದವು, ಹಸಿರು ದೀಪ ಉರಿಯುತ್ತಿತ್ತು. "ಅವನ್ನೂ ನಿಲ್ಸಿ ಸರ್, ಇಲ್ಲಾಂದ್ರೆ ಇಕ್ಕಳ ಕೊಡ್ಸಿ. ಈಗ್ಲೇ" ಎಂದೆ. ಅವರು ಎದ್ದು ಹೋಗಿ ತಾವೇ ಇಕ್ಕಳಗಳನ್ನು ಹಂಚಿದರು.

ಸಂಸ್ಥಾಪಕರು ಹೆಬ್ಬಾಳದಿಂದ ಗೊರಗುಂಟೆಪಾಳ್ಯ ದಾಟಿ ಬರುವಷ್ಟರಲ್ಲಿ ಮಧ್ಯಾಹ್ನ ಇಳಿಯುತ್ತಿತ್ತು. ಬಂದವರೇ ಹೊಸ ಕೈಗವಸು ತುಂಬಿಸಿ ಎಂದರು. ಈಗ ಪೆಡಲ್ ಒತ್ತಿದ್ದು ಅವರು. ಪಕ್ಕದ ಪ್ರೆಸ್ಸನ್ನೂ ಓಡಿಸಿದೆವು. ಬೀಗ ಬಿತ್ತು, ಬಿತ್ತು, ಬೀಳುತ್ತಲೇ ಹೋಯಿತು. ಅದು ಮತ್ತೆ ತಪ್ಪಲಿ ಎಂದು ಬಯಸುತ್ತಿದ್ದೇನೋ ತಪ್ಪದಿರಲಿ ಎಂದು ಬಯಸುತ್ತಿದ್ದೇನೋ ನನಗೇ ತಿಳಿಯದಾಯಿತು. ತೋಳು ಸೋತ ಎಂಜಿನಿಯರ್ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಮಾಲೀಕರು ಗಡಿಯಾರ ನೋಡಿದರು. ಸಂಜೆಯೊಳಗೆ ಆ ಪ್ರೆಸ್ಸಿನ ಮಾಲು ಲಾರಿಗೆ ಏರಬೇಕಿತ್ತು.

"ನೋಡಿ" ಎಂದರು ಸಂಸ್ಥಾಪಕರು. "ಬರ್ತಿಲ್ಲ. ಇವತ್ತಿಗೆ ಹಳೇ ವರ್ಷನ್ ಹಾಕೋಣ. ನಾಳೆ ತೋರ್ಸೋಣ. ಇದನ್ನ ಮುಂದಿನ್ ವಾರ ಸರಿ ಮಾಡೋಣ. ನಾವ್ ಯಾವಾಗ್ಲೂ ಮಾಡೋದೇ ಅದಲ್ವಾ?"

"ಐದ್ ನಿಮಿಷ ಸಾಕು ಗುರು, ಹಾಕ್ಬಿಡ್ತೀನಿ" ಎಂದ ಎಂಜಿನಿಯರ್. ಅವನ ದನಿಯಲ್ಲಿ ಬಿಡುಗಡೆಯಿತ್ತು.

ನಾನು ಬೇಡ ಎಂದೆ. ಹಳೆಯ ವರ್ಷನ್ನಿನಲ್ಲಿ ಬೀಗ ಮತ್ತೆ ಸುಮ್ಮನೆ ಬೀಳುತ್ತದೆ. ಟೇಪಿನ ದಾರಿ ಮುಚ್ಚಿದರೆ ಗೂಟವನ್ನೇ ತಂತಿಯಿಂದ ಕಟ್ಟುತ್ತಾರೆ. ಪೀಸಿನ ಲೆಕ್ಕದಲ್ಲಿ ಕೂಲಿ ಇರುವವರು ಇನ್ನೇನು ಮಾಡಿಯಾರು. ಪೆಟ್ಟಿಗೆ ಮಾತ್ರ ಅಲ್ಲೇ ಇರುತ್ತದೆ, ಕಾಯುತ್ತಿರುವಂತೆ ಕಾಣುತ್ತದೆ. ಅದನ್ನು ನಂಬಿ ಬಿಟ್ಟ ಇಕ್ಕಳ ವಾಪಸ್ಸು ಬರುವುದಿಲ್ಲ. "ದೀಪದ ಜಾಗ ತಪ್ಪಾದ್ರೆ ಮುಂದಿನ ವಾರ ಸರಿ ಮಾಡ್ಬೋದು. ಇದು ತಪ್ಪಾದ್ರೆ ಸರಿ ಮಾಡಕ್ಕೆ ಮುಂದಿನ ವಾರ ಅಂತ ಇಲ್ಲ" ಎಂದೆ. ನನ್ನ ದನಿ ಸ್ವಲ್ಪ ಏರಿತ್ತು ಎಂದು ಆಮೇಲೆ ಎಂಜಿನಿಯರ್ ಹೇಳಿದ.

ಸಂಸ್ಥಾಪಕರಿಗೆ ಸಿಟ್ಟು ಬಂದಿತ್ತು. ಪ್ರೆಸ್ಸಿನ ಎದುರಿನ ಸ್ಟೂಲಿನಲ್ಲಿ ಕೂತರು. ಮೋಟರ್ ಓಡುತ್ತಿತ್ತು, ಪಕ್ಕದ ಪ್ರೆಸ್ಸು ಬಡಿಯುತ್ತಿತ್ತು, ಹಸಿರು ದೀಪ ಉರಿಯುತ್ತಿತ್ತು. ಅಂಗಿಯ ಬಲತೋಳನ್ನು ಮೊಣಕೈವರೆಗೆ ಮಡಚಿದರು. ಕಾಲು ಪೆಡಲಿನ ಮೇಲಿರಲಿಲ್ಲ, ಪಕ್ಕದಲ್ಲಿತ್ತು. ಕೈಯನ್ನು ಅಚ್ಚಿನ ಕಡೆಗೆ ಚಾಚಿದರು. ಕೆಂಪು ದೀಪ ಬಂತು, ಬೀಗ ಬಿತ್ತು; ಎಲ್ಲ ಸರಿಯಾಗಿಯೇ ನಡೆಯಿತು. ಕೈ ಅಚ್ಚಿನ ಅಂಚಿನವರೆಗೆ ಹೋಗಿ ನಿಂತಿತು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ನಾವೆಲ್ಲ ನೋಡುತ್ತಿದ್ದೆವು, ಅವರೂ ತಮ್ಮ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು, ತೋಳು ಬಿಡಿಸಿಕೊಂಡರು.

"ಸ್ಪ್ಯಾನರ್ ಎಲ್ಲಿದೆ?" ಎಂದರು. "ಎಲ್ಲಾ ಬಿಚ್ಚೋಣ."

ಬಿಚ್ಚಿದ ಪೆಟ್ಟಿಗೆಗಳನ್ನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟೆವು. ಮಾಲೀಕರು ತಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ. ಅಕ್ಕ ಮಾತ್ರ ನನ್ನ ಪಕ್ಕಕ್ಕೆ ಬಂದು, ಕೆಳದನಿಯಲ್ಲಿ ಕೇಳಿದರು. "ಇಷ್ಟ್ ದಿನ ಇಂಗೇ ಇತ್ತಾ ಇದು?"

"ಈ ವರ್ಷನ್ ಬಂದಾಗಿಂದ ಅಕ್ಕ."

"ಮತ್ತೆ ಏನೂ ಆಗ್ಲಿಲ್ವಲ್ಲ."

"ಇಲ್ಲ. ಆಗ್ಲಿಲ್ಲ."

ಅವರು ಮೊಳೆಯಿಂದ ಇಕ್ಕಳ ತೆಗೆದುಕೊಂಡು, ಅದರ ಬಾಯಿಯನ್ನು ಎರಡು ಸಲ ತೆರೆದು ಮುಚ್ಚಿ ನೋಡಿ, ಕೆಲಸಕ್ಕೆ ಕೂತರು.

ಬುಧವಾರ ಬಂದ ಸುರಕ್ಷತಾ ಅಧಿಕಾರಿ ತಲೆ ನರೆತವರು, ಚುರುಕು ಕಣ್ಣಿನವರು. ಅವರು ಕಂಡದ್ದು ಪೆಟ್ಟಿಗೆ ಕೂತಿದ್ದ ಜಾಗದ ಬೋಲ್ಟ್ ತೂತುಗಳನ್ನು. ಸಂಸ್ಥಾಪಕರು ಬೆರಳು ಹೋದ ಕೈಗವಸನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅಧಿಕಾರಿ ನಡುವೆ ಎರಡು ಮೂರು ಪ್ರಶ್ನೆ ಕೇಳಿದರು. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಹೊರಡುವಾಗ ಮಾಲೀಕರ ಕಡೆ ತಿರುಗಿ, "ನಿಮ್ಮ ಆರ್ಡರಿಗೆ ಇದರಿಂದ ಏನೂ ಆಗಲ್ಲ. ಇವರದ್ದು ಸದ್ಯಕ್ಕೆ ಬೇಡ" ಎಂದರು. ನಮಗೆ ಕೈ ಕುಲುಕಿದರು. ಆರ್ಡರ್ ಬರಲಿಲ್ಲ. ಹಣ ತೊಡಗಿಸಿದವರ ಮುಂದಿನ ಕಂತೂ ಬರಲಿಲ್ಲ.

ಹೆಬ್ಬಾಳದ ಮಹಡಿ ಬಿಟ್ಟೆವು. ಇಬ್ಬರು ಬೇರೆ ಕೆಲಸ ನೋಡಿಕೊಂಡರು. ತಡೆಯುವ ಮುಖ ನಮಗಿರಲಿಲ್ಲ. ಉಳಿದವರು ಯಲಹಂಕದಲ್ಲಿ ಸಂಸ್ಥಾಪಕರ ಮನೆಯ ಹಿಂದಿನ ಶೆಡ್ಡಿಗೆ ಬಂದೆವು. ಅಲ್ಲಿ ಮೊದಲು ತಂದಿಟ್ಟದ್ದು ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಪ್ರೆಸ್ಸು. ಇನ್ನು ಮುಂದೆ ಕೈ ಕಾಯುವ ಯಾವ ವಸ್ತುವೂ ಅದರ ಮೇಲೆ ಗೆಲ್ಲದೆ ಹೊರಗೆ ಹೋಗಬಾರದು ಎಂದುಕೊಂಡೆವು. ಬೋರ್ಡನ್ನು ನಡುವೆ ಗೆರೆ ಎಳೆದು ಎರಡು ಮಾಡಿದೆ. ವಾರದಲ್ಲಿ ಬದಲಿಸಬಹುದಾದವು ಒಂದು ಕಡೆ, ಹಾಗೆ ಬದಲಿಸಕೂಡದವು ಇನ್ನೊಂದು ಕಡೆ. ಕೆಲಸದ ರೀತಿ ಬಿಡಲಿಲ್ಲ. ಅದು ಎಲ್ಲಿಯವರೆಗೆ ಎಂಬುದು ಮಾತ್ರ ತಿಳಿಯಿತು.

ದಾಸರಹಳ್ಳಿಯ ಶೆಡ್ಡಿನಲ್ಲಿ ಕೂತು ನೋಡಿದ್ದನ್ನೆಲ್ಲ ಮತ್ತೆ ಮಾತಾಡಿದೆವು. ನಾವು ಅಷ್ಟೂ ದಿನ ಕೇಳಿದ್ದು, ಕೈ ಒಳಗಿದೆಯೇ ಎಂದು ಹೇಗೆ ತಿಳಿಯುವುದು. ಕೈ ಒಳಗೆ ಯಾಕೆ ಹೋಗುತ್ತದೆ ಎಂದು ಕೇಳಿರಲಿಲ್ಲ. ಹೋಗುವುದು ಎರಡಕ್ಕೆ: ತುಂಡು ಇಡಲು, ಕಚ್ಚಿಕೊಂಡದ್ದನ್ನು ತೆಗೆಯಲು. ಹೊರಗಿನಿಂದಲೇ ತುಂಡನ್ನು ದೂಡುವ ಒಂದು ಜಾರುತಟ್ಟೆ ಮಾಡಿದೆವು. ಬಡಿದ ಮೇಲೆ ತುಂಡನ್ನು ಊದಿ ಹಿಂದಕ್ಕೆ ಬೀಳಿಸಲು ಕಂಪ್ರೆಸರಿನಿಂದ ಒಂದು ಗಾಳಿಕೊಳವೆ. ಅಚ್ಚಿನ ಸುತ್ತ ಕಂಬಿಯ ಪಂಜರ, ಅದರ ಸಂದಿಯಲ್ಲಿ ತಗಡು ಹೋಗುತ್ತದೆ, ಬೆರಳು ಹೋಗುವುದಿಲ್ಲ. ಅಷ್ಟೇ. ಸೆನ್ಸರ್ ಇಲ್ಲ, ಪ್ರೋಗ್ರಾಂ ಇಲ್ಲ. ಎಂಜಿನಿಯರ್ ಕೆಲವು ದಿನ ಮಂಕಾಗಿದ್ದ, ಆಮೇಲೆ ವೆಲ್ಡಿಂಗ್ ಕಲಿತ.

ದಾಸರಹಳ್ಳಿಯ ಮಾಲೀಕರು ಮತ್ತೆ ಒಳಗೆ ಬಿಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಿಟ್ಟರು. ಪಂಜರ ಮೊದಲು ಕೂತದ್ದು ಎರಡನೇ ಪ್ರೆಸ್ಸಿಗೆ. ಅಬ್ಬಿಗೆರೆಯ ಅಕ್ಕ ತಟ್ಟೆಯ ಎತ್ತರ ಸರಿಯಿಲ್ಲ ಎಂದರು, ಇಳಿಸಿದೆವು. ಗಾಳಿಯ ಸದ್ದಿಗೆ ತಲೆ ಸಿಡಿಯುತ್ತದೆ ಎಂದರು, ಕೊಳವೆಯ ಬಾಯಿ ಬದಲಿಸಿದೆವು. ಇವೆಲ್ಲ ವಾರದಲ್ಲಿ ಬದಲಿಸಬಹುದಾದವು. ಕೆಲವು ವಾರಗಳಲ್ಲಿ ಅವರ ಪೀಸು ಮೊದಲಿನ ಮಟ್ಟಕ್ಕೆ ಬಂತು. ಮಾಲೀಕರು ಉಳಿದ ಪ್ರೆಸ್ಸುಗಳಿಗೂ ಮಾಡಿಸಿಕೊಂಡರು.

ಹಣ ತೊಡಗಿಸುವವರೊಬ್ಬರು ಯಲಹಂಕಕ್ಕೆ ಬಂದು ಪಂಜರವನ್ನು ಹಿಂದೆ ಮುಂದೆ ನೋಡಿದರು. "ಇದನ್ನ ಯಾರು ಬೇಕಾದ್ರೂ ಕಾಪಿ ಮಾಡ್ಬೋದಲ್ಲ" ಎಂದರು. "ಮಾಡ್ಬೋದು ಸರ್" ಎಂದರು ನಮ್ಮ ಸಂಸ್ಥಾಪಕರು. ಬಂದವರು ಕಾಫಿ ಕುಡಿದು ಹೋದರು.

ಕಾಪಿ ಆಗಲು ಬಹಳ ಕಾಲ ಹಿಡಿಯಲಿಲ್ಲ. ಒಂದು ದಿನ ಆ ಅಡ್ಡರಸ್ತೆಯಲ್ಲಿ ನಡೆದುಬರುವಾಗ, ಬಾಗಿಲು ತೆರೆದಿದ್ದ ಇನ್ನೊಂದು ಶೆಡ್ಡಿನೊಳಗೆ ಪ್ರೆಸ್ಸುಗಳ ಮೇಲೆ ಪಂಜರಗಳು ಕಂಡವು. ಹಳದಿ ಬಣ್ಣ ಹೊಡೆದಿದ್ದರು. ನಮ್ಮದೇ ಆಕಾರ, ನಮ್ಮದೇ ಜಾರುತಟ್ಟೆ. ವೆಲ್ಡರ್ ಒಬ್ಬ ಮೂಲೆಯಲ್ಲಿ ಇನ್ನೊಂದನ್ನು ಜೋಡಿಸುತ್ತಿದ್ದ. ಎದೆಯಲ್ಲಿ ಉರಿಯಿತು, ಸುಳ್ಳು ಹೇಳಲಾರೆ. ಮೊದಲು ಸಂಸ್ಥಾಪಕರಿಗೆ ಫೋಟೋ ಕಳಿಸಬೇಕು ಎಂದು ಫೋನ್ ತೆಗೆದೆ. ಫೋಟೋದಲ್ಲಿ ಕಂಬಿಗಳ ನಡುವಿನ ಸಂದಿ ನಮ್ಮದಕ್ಕಿಂತ ಅಗಲವಾಗಿ ಕಂಡಿತು. ಒಳಗೆ ಹೋಗಿ, ನಿಂತಿದ್ದ ಒಂದು ಪ್ರೆಸ್ಸಿನ ಪಂಜರಕ್ಕೆ ನನ್ನ ತೋರುಬೆರಳು ತೂರಿಸಿದೆ. ಗೆಣ್ಣು ದಾಟಿ ಒಳಗೆ ಹೋಯಿತು.

"ಏನ್ ಮೇಡಂ? ಯಾರ್ ಬೇಕಿತ್ತು?" ಎಂದ ವೆಲ್ಡರ್, ಕನ್ನಡಕ ಹಣೆಗೇರಿಸಿ.

"ಬೆರಳು ಹೋಗ್ತಿದೆ ಇದರಲ್ಲಿ. ಎರಡರ ಮಧ್ಯೆ ಇನ್ನೊಂದೊಂದು ಕಂಬಿ ಹಾಕ್ಬೇಕು."

"ಸ್ಯಾಂಪಲ್ ನೋಡ್ಕೊಂಡ್ ಹಂಗೇ ಮಾಡಿದೀವಲ್ಲ."

"ಸ್ಯಾಂಪಲ್‌ನಲ್ಲಿ ಸಂದಿ ಕಮ್ಮಿ ಇದೆ. ಕಂಬಿ ಉಳಿಸಕ್ಕೆ ಹೋಗ್ಬೇಡಿ."

ಅವನು ಎದ್ದು ಬಂದು ತನ್ನ ಬೆರಳನ್ನೂ ತೂರಿಸಿ ನೋಡಿದ. ಅವನದು ದಪ್ಪ ಬೆರಳು, ಅದೂ ಹೋಯಿತು. ಮೂಲೆಯಿಂದ ಕಂಬಿಯ ಕಟ್ಟು ಎಳೆದುಕೊಂಡ.

"ನೀವ್ ಎಲ್ಲಿಯವ್ರು ಮೇಡಂ?"

"ಇಲ್ಲೇ ಪಕ್ಕದ ಶೆಡ್ಡಿಗೆ ಬರ್ತಿರ್ತೀನಿ" ಎಂದೆ. ಅವನು ಮೊದಲ ಕಂಬಿ ಕೂರಿಸಿ ಕನ್ನಡಕ ಇಳಿಸಿಕೊಂಡ. ನಾನು ಕಣ್ಣಿಗೆ ಕೈ ಅಡ್ಡ ಹಿಡಿದು, ಕೊನೆಯ ಪ್ರೆಸ್ಸಿನದು ಮುಗಿಯುವವರೆಗೆ ಅಲ್ಲೇ ನಿಂತೆ.